ಅಂಕೀಯ ಧ್ವನಿಯ ಆಳ, ಅದರ ಅಬ್ಬರ ಮತ್ತು ನಮ್ಮ ಕಿವಿಗಳು

ಕರ್ನಾಟಕದಿಂದ ಬಂದ ನೆಂಟರಿಷ್ಟರನ್ನು ಗೋಲ್ಕೊಂಡಕ್ಕೆ ಕರೆದೊಯ್ಯದ ಕನ್ನಡ ಕುಟುಂಬ ಹೈದರಾಬಾದಿನಲ್ಲಿ ಇರಲಾರದು. ಕೋಟೆಯ ಕೆಳದ್ವಾರದ ಗುಮ್ಮಟದಡಿಯಲ್ಲಿ ನಿಂತು ಮಾರ್ಗದರ್ಶಿಯು ಒಂದು ಚಪ್ಪಾಳೆ ತಟ್ಟುತ್ತಾನೆ. ಸುಮಾರು ಒಂದು ಕಿಲೋಮೀಟರು ದೂರದಲ್ಲಿ, ಬೆಟ್ಟದ ನೆತ್ತಿಯ ಬಾಲಾ ಹಿಸಾರಿನಲ್ಲಿ ನಿಂತವರಿಗೆ ಅದು ಕೇಳಿಸುತ್ತದೆ. ಬಿಜಾಪುರದ ಗೋಲಗುಂಬಜವನ್ನು ಕಂಡವರಿಗೆ ಇದಕ್ಕಿಂತಲೂ ಸೂಕ್ಷ್ಮವಾದ ಅನುಭವವುಂಟು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಹನ ಆ ಗೋರಿಯ ಮೇಲ್ಗಡೆಯ ಪಿಸುಮಾತಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಮುಖವಿಟ್ಟು ಮೆಲ್ಲನೆ ಉಸುರಿದ ಮಾತು, ಸುಮಾರು 38 ಮೀಟರು ಅಡ್ಡಗಲದ ಗುಮ್ಮಟದ ಆಚೆ ಬದಿಯಲ್ಲಿ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ತಲುಪುತ್ತದೆ. ಆದರೆ ಒಂದು ನಿಬಂಧನೆಯುಂಟು: ಶಾಲಾ ಮಕ್ಕಳ ತಂಡವೊಂದು ಅದೇ ಹೊತ್ತಿಗೆ ಕೂಗುತ್ತಿರಬಾರದು. ಕೂಗಿದರೆ ಪಿಸುಮಾತು ಸತ್ತಿತೆಂದೇ ಲೆಕ್ಕ.

ಕೇಳಿಸುವ ಅತಿ ಸಣ್ಣ ಧ್ವನಿಗೂ ಸಹಿಸಬಹುದಾದ ಅತಿ ದೊಡ್ಡ ಧ್ವನಿಗೂ ನಡುವಣ ಈ ಅಂತರವನ್ನು ಧ್ವನಿಯ ಹರವು ಎಂದು ಕರೆಯೋಣ. ಆರೋಗ್ಯವಂತ ಮನುಷ್ಯನ ಕಿವಿಯ ಹರವು ಸುಮಾರು 120 ಡೆಸಿಬೆಲ್. ಪಿಸುಮಾತು 30 ಡೆಸಿಬೆಲಿನ ಆಸುಪಾಸು, ಎದುರುಬದುರು ಕುಳಿತು ಆಡುವ ಮಾತು 60, ಕಿವಿಯಲ್ಲಿ ನೋವುಂಟುಮಾಡುವ ಶಬ್ದ 120ಕ್ಕೆ ಮೇಲೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರನ್ನು ಹೊತ್ತಿರುವ ಈ ಮಾನದ ಲೆಕ್ಕ ಸಾಮಾನ್ಯ ಕೂಡುವಿಕೆಯದಲ್ಲ. ಪ್ರತಿ 10 ಡೆಸಿಬೆಲಿಗೆ ಧ್ವನಿಯ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಮಾತ್ರ ಅದು ಸುಮಾರು ಎರಡು ಪಟ್ಟು ಗಟ್ಟಿಯಾದಂತೆ ತೋರುತ್ತದೆ. 60ರಿಂದ 90ಕ್ಕೆ ಏರಿದರೆ ಶಕ್ತಿ ಸಾವಿರ ಪಟ್ಟು ಹೆಚ್ಚಿತು, ಕಿವಿ ತಿಳಿದುಕೊಂಡದ್ದು ಎಂಟು ಪಟ್ಟು ಮಾತ್ರ. ಅಸಲು ಬೆಳೆದಷ್ಟು ಅರಿವಿಗೆ ಬಾರದ ಈ ಚಕ್ರಬಡ್ಡಿಯಲ್ಲಿಯೇ ಶ್ರವಣಶಕ್ತಿಗೆ ಒದಗುವ ಅಪಾಯ ಅಡಗಿದೆ.

ಈಗ ಹಾಡೂ ಮಾತೂ ಅಂಕಿಗಳಾಗಿ ಮನೆಗೆ ಬರುತ್ತವೆ. ಕೈಯಲ್ಲಿ ಹಿಡಿದ ಫೋನಿನಲ್ಲಿ, ದೂರದರ್ಶನದಲ್ಲಿ, ಗಣೇಶನ ಮೆರವಣಿಗೆಯ ಲಾರಿಯಲ್ಲಿ ಎಲ್ಲೆಡೆಯೂ ಧ್ವನಿಯ ಮೂಲ ಅಂಕಿಗಳ ಒಂದು ಉದ್ದನೆಯ ಲೆಕ್ಕಪತ್ರವೇ. ಇವುಗಳೊಡನೆ ‘16 ಬಿಟ್’, ‘24 ಬಿಟ್’ ಎಂಬ ಮಾತುಗಳೂ ಬಂದಿವೆ. 24 ಬಿಟ್ಟಿನ ಧ್ವನಿ ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ ಎಂದು ತರುಣರು ನಂಬುತ್ತಾರೆ, ಅಂಗಡಿಯವರು ನಂಬಿಸುತ್ತಾರೆ. ಇದು ತಪ್ಪು. ಏಕೆ ತಪ್ಪೆಂಬುದನ್ನು ತಿಳಿಯಲು ಲೆಕ್ಕದ ಪುಸ್ತಕಕ್ಕಿಂತ ಉತ್ತಮವಾದ ಉಪಮಾನ ಬೇರೊಂದಿಲ್ಲ.

ಮೈಕಿಗೆ ತಾಗಿದ ಗಾಳಿಯ ಅಲೆಯನ್ನು ಯಂತ್ರವು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ. ಒಂದೊಂದು ಅಳತೆಯನ್ನು ಬರೆಯಲು ಎಷ್ಟು ಸ್ಥಾನಗಳ ಅಂಕಣವಿದೆ ಎಂಬುದೇ ಬಿಟ್ ಆಳ. ಇಲ್ಲಿಯ ಸ್ಥಾನಗಳು ದಶಮಾನದವಲ್ಲ, ಸೊನ್ನೆ ಮತ್ತು ಒಂದು ಮಾತ್ರ ಇರುವ ದ್ವಿಮಾನದವು. ಆದುದರಿಂದ ಒಂದು ಸ್ಥಾನ ಹೆಚ್ಚಿದರೆ ಮೆಟ್ಟಿಲುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. 8 ಬಿಟ್ಟಿಗೆ 256 ಮೆಟ್ಟಿಲು, 16ಕ್ಕೆ 65,536, 24ಕ್ಕೆ 1,67,77,216. ಪ್ರತಿ ಬಿಟ್ಟೂ ಸುಮಾರು 6 ಡೆಸಿಬೆಲ್ ಹರವನ್ನು ಕೊಡುತ್ತದೆ. ಆ ಲೆಕ್ಕದಲ್ಲಿ 16 ಬಿಟ್ಟಿಗೆ 96, 24 ಬಿಟ್ಟಿಗೆ 144 ಡೆಸಿಬೆಲ್ ಆಯಿತು.

ಗಮನಿಸತಕ್ಕ ಸಂಗತಿಯೆಂದರೆ, ಈ ಹೆಚ್ಚಳವೆಲ್ಲ ಆಗುವುದು ಕೆಳಗಡೆಗೆ, ಮೇಲ್ಗಡೆಗೆ ಅಲ್ಲ. ಅಂಕೀಯ ಧ್ವನಿಯಲ್ಲಿ ಛಾವಣಿಯನ್ನು ಸೊನ್ನೆಯೆಂದು ಕರೆದು, ಅಲ್ಲಿಂದ ಕೆಳಗೆ ಋಣಸಂಖ್ಯೆಗಳಲ್ಲಿ ಎಣಿಸುತ್ತಾರೆ. ಓವರ್‌ಡ್ರಾಫ್ಟಿನ ಮಿತಿಯಂತೆ ಆ ಸೊನ್ನೆಯನ್ನು ದಾಟುವಂತಿಲ್ಲ. ರೂಪಾಯಿಗಳಲ್ಲಿ ಮಾತ್ರ ಬರೆಯುತ್ತಿದ್ದ ಲೆಕ್ಕವನ್ನು ಪೈಸೆಯವರೆಗೂ ಬರೆಯತೊಡಗಿದರೆ ಖಾತೆಯಲ್ಲಿಯ ಹಣ ಹೆಚ್ಚುವುದೆ? ಇಲ್ಲ, ಲೆಕ್ಕ ನಯವಾಗುತ್ತದೆ ಅಷ್ಟೆ. ಬಿಟ್ಟುಗಳು ಹೆಚ್ಚಿದಂತೆ ಧ್ವನಿಯ ತಳದಲ್ಲಿರುವ ಪೈಸೆಗಳು, ಅಂದರೆ ತಂಬೂರಿಯ ತಂತಿ ಮೀಟಿದ ಮೇಲೆ ಮೆಲ್ಲಮೆಲ್ಲನೆ ಅಡಗುವ ನಾದದ ಬಾಲ, ಗಾಯಕನು ಉಸಿರೆಳೆದುಕೊಳ್ಳುವ ಸದ್ದು, ಇವು ಉಳಿಯುತ್ತವೆ.

ಛಾವಣಿಯನ್ನು ಮೀರಿದರೆ ಏನಾಗುವುದು? ಐದು ಸ್ಥಾನಗಳ ಅಂಕಣದಲ್ಲಿ ಬರೆಯಬಹುದಾದ ಅತಿ ದೊಡ್ಡ ಮೊತ್ತ 99,999. ಒಂದೂವರೆ ಲಕ್ಷ ಬಂದರೂ ಮೂರು ಲಕ್ಷ ಬಂದರೂ ಗುಮಾಸ್ತನು 99,999 ಎಂದೇ ಬರೆಯುತ್ತಾ ಹೋದರೆ ಯಾವ ಲೆಕ್ಕವೂ ಹೊಂದುವುದಿಲ್ಲ. ಧ್ವನಿಯಲ್ಲಿಯೂ ಹಾಗೆಯೇ, ಅಲೆಯ ನೆತ್ತಿ ಕತ್ತರಿಸಿಹೋಗಿ ಚಪ್ಪಟೆಯಾಗುತ್ತದೆ, ಕಿವಿಗೆ ಕರಕರ ಎಂಬ ಒರಟುತನ ಕೇಳುತ್ತದೆ. ಹೀಗೆ ಒಮ್ಮೆ ಕತ್ತರಿಸಿಹೋದದ್ದು ಮುಂದೆ ಧ್ವನಿಯನ್ನು ತಗ್ಗಿಸಿದರೂ ಮರಳಿ ಬಾರದು.

ತಳದಲ್ಲಿಯ ತೊಂದರೆ ಇನ್ನೊಂದು ಬಗೆಯದು, ಅದಕ್ಕೆ ಕಂಡುಹಿಡಿದ ಉಪಾಯವೂ ಸ್ವಾರಸ್ಯಕರವಾದದ್ದು. ದಿನಕ್ಕೆ 30 ಪೈಸೆ ಬಡ್ಡಿ ಬರುವ ಖಾತೆಯೊಂದಿದೆ ಎಂದಿಟ್ಟುಕೊಳ್ಳಿ. ಐವತ್ತಕ್ಕೆ ಕಡಿಮೆಯಿದ್ದ ಪೈಸೆಗಳನ್ನು ಬಿಡುವ ನಿಯಮದಂತೆ ಪ್ರತಿದಿನವೂ ಸೊನ್ನೆಯೇ ಜಮೆಯಾಗುತ್ತದೆ. ವರ್ಷವಾದರೂ ಖಾತೆದಾರನಿಗೆ ಒಂದು ರೂಪಾಯಿಯೂ ದಕ್ಕದು. ಆದರೆ ಹತ್ತಿರದ ರೂಪಾಯಿಗೆ ಇಳಿಸುವ ಮುನ್ನ, ಚೀಟಿಯೆತ್ತಿ, 50 ಪೈಸೆ ಹೆಚ್ಚಿನಿಂದ 50 ಪೈಸೆ ಕಡಿಮೆಯವರೆಗಿನ ಯಾವುದಾದರೊಂದು ಮೊತ್ತವನ್ನು ಸೇರಿಸಿದರೆ, ಸರಾಸರಿ ಹತ್ತು ದಿನಗಳಲ್ಲಿ ಮೂರು ದಿನ ಒಂದು ರೂಪಾಯಿ ಜಮೆಯಾಗುತ್ತದೆ. ಹತ್ತು ದಿನಕ್ಕೆ ಮೂರು ರೂಪಾಯಿ, ಲೆಕ್ಕ ಸರಿಹೋಯಿತು! ಧ್ವನಿಮುದ್ರಣದವರು ಇದನ್ನು ಡಿದರ್ ಎನ್ನುತ್ತಾರೆ. ಬೇಕೆಂದೇ ಬೆರೆಸಿದ ಒಂದಿಷ್ಟು ಸುಯ್ಯೆನ್ನುವ ಸದ್ದು, ಇಲ್ಲವಾಗಲಿದ್ದ ಸೂಕ್ಷ್ಮ ನಾದವನ್ನು ಉಳಿಸುತ್ತದೆ. ಯಾವ ಲೆಕ್ಕಪರಿಶೋಧಕನೂ ಒಪ್ಪಲಾರದ ಈ ವಿಧಾನವನ್ನು ಕಿವಿ ಸಂತೋಷದಿಂದ ಒಪ್ಪುತ್ತದೆ.

ಎಂಟೇ ಬಿಟ್ಟಿನಲ್ಲಿಯೂ ಮನುಷ್ಯರ ಮಾತು ಚೆನ್ನಾಗಿ ಸಾಗಬಲ್ಲದು. ಅಂಕೀಯ ಟೆಲಿಫೋನ್ ಕೇಂದ್ರಗಳು ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಎಂಟು ಬಿಟ್ಟಿನಲ್ಲಿ ಬರೆಯುತ್ತವೆ. ಆದರೆ ಮೆಟ್ಟಿಲುಗಳನ್ನು ಸಮನಾಗಿ ಹಂಚುವುದಿಲ್ಲ. ಸಣ್ಣ ಧ್ವನಿಗೆ ಚಿಲ್ಲರೆ ನಾಣ್ಯ, ದೊಡ್ಡ ಧ್ವನಿಗೆ ನೋಟು ಎಂಬಂತೆ ತಳದಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿಯೂ ಮೇಲೆ ಅಗಲವಾಗಿಯೂ ಇರುತ್ತವೆ. ಈ ವಿದ್ಯೆಯ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ, ಹಳ್ಳಿಗಳಿಗೆಂದೇ ಮಾಡಿದ ಅಂಕೀಯ ಟೆಲಿಫೋನ್ ಕೇಂದ್ರವು ಮೊತ್ತಮೊದಲು 1986ರ ಜುಲೈ ತಿಂಗಳಲ್ಲಿ ಕಾರ್ಯಾರಂಭ ಮಾಡಿದುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಇಷ್ಟಾದ ಮೇಲೆ ಅಬ್ಬರದ ಪ್ರಶ್ನೆ. ಛಾವಣಿ ಒಂದೇ ಆಗಿದ್ದರೆ ಒಂದು ಹಾಡು ಮೆಲ್ಲಗೆ, ಇನ್ನೊಂದು ಕಿವಿ ಗಡಚಿಕ್ಕುವಂತೆ ಕೇಳುವುದೇಕೆ? ಕಿವಿಯು ಗಟ್ಟಿತನವನ್ನು ಅಳೆಯುವುದು ಆಗೊಮ್ಮೆ ಈಗೊಮ್ಮೆ ಏಳುವ ಶಿಖರದಿಂದಲ್ಲ, ಸರಾಸರಿಯಿಂದ. ಮೃದಂಗದ ಒಂದು ಪೆಟ್ಟು ಛಾವಣಿಯನ್ನು ಮುಟ್ಟಿ ಇಳಿಯುತ್ತದೆ. ಅದರ ಸರಾಸರಿ ಕಡಿಮೆ. ಶಿಖರಗಳನ್ನು ಯಂತ್ರದಿಂದ ಅದುಮಿ, ಉಳಿದೆಲ್ಲವನ್ನೂ ಛಾವಣಿಯ ತನಕ ಎತ್ತಿದರೆ ಅಂಕಿಯ ಗರಿಷ್ಠ ಅದೇ, ಅಬ್ಬರ ಮಾತ್ರ ಹಲವು ಪಟ್ಟು. ಇದು ಹೊಸ ವಿದ್ಯೆಯೇನಲ್ಲ. 1935ರಲ್ಲಿ ಆರಂಭವಾಗಿ, ಉರ್ದು ತೆಲುಗುಗಳ ಜೊತೆಗೆ ಕನ್ನಡದಲ್ಲಿಯೂ ಕಾರ್ಯಕ್ರಮ ನೀಡುತ್ತಿದ್ದು, 1950ರಲ್ಲಿ ಆಕಾಶವಾಣಿಯಲ್ಲಿ ವಿಲೀನಗೊಂಡ ನಿಜಾಮರ ಕಾಲದ ಡೆಕ್ಕನ್ ರೇಡಿಯೋವನ್ನು ಮನೆಯಲ್ಲಿ ಕೇಳುತ್ತಿದ್ದ ಹಿರಿಯರು ನೆನೆಸಿಕೊಳ್ಳಲಿ: ಮಧ್ಯಮ ತರಂಗದ ಗರಗರ ಸದ್ದಿನ ಮೇಲೆ ಮಾತು ತೇಲಬೇಕಾದರೆ ಧ್ವನಿಯನ್ನು ಒಂದಿಷ್ಟು ಅದುಮುವುದು ಅನಿವಾರ್ಯವಾಗಿತ್ತು. ಗರಗರವೇ ಇಲ್ಲದ, 96 ಡೆಸಿಬೆಲ್ ಹರವಿನ ಡಿಸ್ಕ್ ಬಂದ ಮೇಲೆ ಆ ಹರವನ್ನೆಲ್ಲ ಬಳಸಿಕೊಳ್ಳುವರೆಂದು ನಿರೀಕ್ಷಿಸಿದವರಿಗೆ ನಿರಾಶೆ ಕಾದಿತ್ತು. ಪಕ್ಕದವನ ಹಾಡಿಗಿಂತ ತನ್ನದು ಗಟ್ಟಿಯಾಗಿರಬೇಕೆಂಬ ಪೈಪೋಟಿಯಲ್ಲಿ 1990ರ ದಶಕದಿಂದ ಧ್ವನಿಮುದ್ರಿಕೆಗಳು ವರ್ಷವರ್ಷಕ್ಕೂ ಅಬ್ಬರವಾದವು. 2008ರಲ್ಲಿ ಮೆಟಾಲಿಕ ಎಂಬ ಅಮೆರಿಕದ ವಾದ್ಯವೃಂದದ ‘ಡೆತ್ ಮ್ಯಾಗ್ನೆಟಿಕ್’ ಮುದ್ರಿಕೆ ಬಂದಾಗ, ಅಬ್ಬರವನ್ನೇ ಬಯಸುವ ಅದರ ಅಭಿಮಾನಿಗಳೇ ಧ್ವನಿ ಕೆಟ್ಟಿದೆಯೆಂದು ದೂರಿದರು. ದೊಡ್ಡ ಹರವಿನ ಬಂಗಲೆಯನ್ನು ಕಟ್ಟಿಸಿ ಅದರ ಅಟ್ಟದಲ್ಲಿ ಮಾತ್ರ ವಾಸಿಸಿದಂತಾಯಿತು.

ಈ ಪೈಪೋಟಿಗೆ ತಡೆ ಬಂದುದು ಸರಾಸರಿ ಅಬ್ಬರವನ್ನು ಅಳೆಯುವ ಒಂದು ಒಪ್ಪಿತ ಮಾನ ದೊರೆತ ಮೇಲೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಕಿವಿಯ ಸ್ವಭಾವಕ್ಕೆ ಹೊಂದುವ ಅಳತೆಯ ಕ್ರಮವೊಂದನ್ನು ಪ್ರಕಟಿಸಿತು. 2010ರಲ್ಲಿ ಯೂರೋಪಿನ ಪ್ರಸಾರಕರು ಆ ಮಾನದಲ್ಲಿ ಛಾವಣಿಗಿಂತ 23 ಕೆಳಗಿನ ಮಟ್ಟವನ್ನು ತಮ್ಮ ಕಾರ್ಯಕ್ರಮಗಳಿಗೆ ಗೊತ್ತುಪಡಿಸಿಕೊಂಡರು. ದೂರದರ್ಶನದ ಜಾಹೀರಾತುಗಳು ಕಾರ್ಯಕ್ರಮಕ್ಕಿಂತ ಗಟ್ಟಿಯಾಗಿರಬಾರದೆಂದು ಅಮೆರಿಕವು 2010ರಲ್ಲಿ ಕಾಯಿದೆಯನ್ನೇ ಮಾಡಿತು. ನಮ್ಮಲ್ಲಿಯೂ 1994ರ ಕೇಬಲ್ ದೂರದರ್ಶನ ನಿಯಮಗಳಲ್ಲಿ ಜಾಹೀರಾತಿನ ಸದ್ದು ಅತಿಯಾಗಿರಕೂಡದೆಂಬ ಮಾತುಂಟು. ‘ಅತಿ’ ಎಂದರೆ ಎಷ್ಟೆಂಬುದನ್ನು ಪ್ರತಿ ಸಂಜೆಯೂ ದೂರನಿಯಂತ್ರಕವನ್ನು ಹುಡುಕುವ ಗೃಹಿಣಿಯರೇ ಬಲ್ಲರು. ಅಂತರ್ಜಾಲದ ಮೂಲಕ ಹಾಡು ಕೇಳಿಸುವ ಸ್ಪಾಟಿಫೈ, ಯೂಟ್ಯೂಬ್ ಮುಂತಾದವು ಅಬ್ಬರದ ಹಾಡುಗಳನ್ನು ತಾವಾಗಿ ತಗ್ಗಿಸುತ್ತವೆ. ಅದುಮಿ ಎತ್ತಿದ ಹಾಡು ಅಲ್ಲಿ ಗಟ್ಟಿಯಾಗಿಯೂ ಕೇಳದು, ಕಳೆದುಕೊಂಡ ಜೀವವೂ ಬಾರದು.

ಆದರೆ ಬೀದಿಯಲ್ಲಿ ಹೀಗೆ ತಗ್ಗಿಸುವ ಯಂತ್ರವಿಲ್ಲ. ಗಣೇಶೋತ್ಸವದ ದಿನಗಳಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಲಾರಿಯ ಮೇಲೆ ಆಳೆತ್ತರಕ್ಕೆ ಪೇರಿಸಿದ ಧ್ವನಿವರ್ಧಕಗಳಿಂದ ಹೊರಡುವುದು ಇದೇ ಅದುಮಿದ ಹಾಡು. ಪೆಟ್ಟು ಪೆಟ್ಟಿನ ನಡುವೆ ಕಿವಿಗೆ ಬಿಡುವು ಕೊಡುತ್ತಿದ್ದ ಡೊಳ್ಳು ತಮಟೆಗಳ ಸ್ಥಾನದಲ್ಲಿ ಬಿಡುವೇ ಇಲ್ಲದ ಗೋಡೆಯಂಥ ಶಬ್ದ. ಭಾರತ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಶಬ್ದಮಾಲಿನ್ಯದ ಬಗೆಗೆ ವಿಸ್ತಾರವಾದ ತೀರ್ಪಿತ್ತಿತು. 2024ರ ಅಕ್ಟೋಬರ್ ಆರಂಭದಲ್ಲಿ ಹೈದರಾಬಾದಿನ ಪೊಲೀಸರು ಧಾರ್ಮಿಕ ಮೆರವಣಿಗೆಗಳಲ್ಲಿ ಡಿ.ಜೆ. ಧ್ವನಿವ್ಯವಸ್ಥೆಯನ್ನೂ ಪಟಾಕಿಯನ್ನೂ ನಿಷೇಧಿಸಿ ಆಜ್ಞೆ ಹೊರಡಿಸಿದರು. ಯಾವ ಒಂದು ಮತದ ಹಬ್ಬವನ್ನೂ ಬೊಟ್ಟುಮಾಡದೆ ಎಲ್ಲರಿಗೂ ಅನ್ವಯಿಸುವಂತೆ ಹೊರಟ ಆಜ್ಞೆಯಿದು. ಈ ನಗರದ ಮಟ್ಟಿಗೆ ಅದೇ ವಿವೇಕದ ಮಾರ್ಗ.

ಕಿವಿಯೊಳಗೆ ಆಗುವುದೇನು? ಒಳಗಿವಿಯ ಬಸವನ ಹುಳುವಿನ ಚಿಪ್ಪಿನಂಥ ಸುರುಳಿಯಲ್ಲಿ ಹುಟ್ಟಿನಿಂದಲೇ ಸುಮಾರು ಹದಿನೈದು ಸಾವಿರ ರೋಮಕೋಶಗಳಿರುತ್ತವೆ. ಅಲೆಗೆ ಅವು ಬಾಗಿ ನರಕ್ಕೆ ಸುದ್ದಿ ಕಳುಹಿಸುತ್ತವೆ. ಅತಿಯಾದ ಶಬ್ದದಲ್ಲಿ ಮೊದಲು ಬಳಲುತ್ತವೆ; ಮೆರವಣಿಗೆಯಿಂದ ಮರಳಿದ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವುದು ಆ ಬಳಲಿಕೆಯ ಗುರುತು. ಪದೇ ಪದೇ ಆದರೆ ಸಾಯುತ್ತವೆ. ಚರ್ಮ ಮೂಳೆಗಳಂತೆ ಮನುಷ್ಯನಲ್ಲಿ ಇವು ಮತ್ತೆ ಬೆಳೆಯುವುದಿಲ್ಲ. ಇದು ಜಮೆಯೇ ಇಲ್ಲದ, ಖರ್ಚು ಮಾತ್ರ ಇರುವ ಖಾತೆ. ಖರ್ಚಿನ ದರವೂ ಗೊತ್ತಿದೆ. 85 ಡೆಸಿಬೆಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದಾದರೆ, ಪ್ರತಿ 3 ಡೆಸಿಬೆಲಿಗೂ ಅವಧಿ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸಾಲಾಗಿ ಪೇರಿಸಿದ ಧ್ವನಿವರ್ಧಕಗಳ ಮುಂದೆ ಈ ಇಳಿಕೆ ಇನ್ನೂ ಕಡಿಮೆ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಲಾರಿಯ ಬೆನ್ನಿಗೇ ನಡೆಯುವ ತಂದೆ ಈ ಲೆಕ್ಕವನ್ನೊಮ್ಮೆ ನೋಡಬೇಕು.

ಕಿವಿಯೊಳಗೆ ಸಿಕ್ಕಿಸುವ ಪುಟ್ಟ ಧ್ವನಿವರ್ಧಕದಿಂದಲೂ ಇದೇ ಖರ್ಚು, ಸದ್ದಿಲ್ಲದೆ. ವಿಶ್ವ ಆರೋಗ್ಯ ಸಂಸ್ಥೆಯೂ ದೂರಸಂಪರ್ಕ ಒಕ್ಕೂಟವೂ ಜಂಟಿಯಾಗಿ ಗೊತ್ತುಮಾಡಿದ ಮಿತಿಯಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75. ನಗರದ ಬಸ್ಸಿನ ಗದ್ದಲದಲ್ಲಿ ಹಾಡು ಕೇಳಿಸಲೆಂದು ಧ್ವನಿಯನ್ನು ಏರಿಸುತ್ತ ಹೋದರೆ ಆ ಮಿತಿಯನ್ನು ದಾಟುವುದು ಬಹು ಸುಲಭ. ಹೊರಗಿನ ಸದ್ದನ್ನು ತಡೆಯುವ ಬಗೆಯ ಉಪಕರಣಕ್ಕೆ ಹಣ ಕೊಟ್ಟರೆ ಅದು 24 ಬಿಟ್ಟಿಗೆ ಕೊಟ್ಟ ಹಣಕ್ಕಿಂತ ಸಾರ್ಥಕ. ಏಕೆಂದರೆ ರಾತ್ರಿಯ ನಿಶ್ಶಬ್ದ ಕೋಣೆಯಲ್ಲಿಯೂ 30 ಡೆಸಿಬೆಲಿನಷ್ಟು ಸದ್ದು ಇದ್ದೇ ಇರುತ್ತದೆ. ಅದರ ಮೇಲೆ 16 ಬಿಟ್ಟಿನ 96ನ್ನು ಕೂಡಿಸಿದರೆ 126, ಅಂದರೆ ನೋವಿನ ಗಡಿಯಾಚೆ. ಕೇಳುವುದಕ್ಕೆ 16 ಬಿಟ್ ಸಾಕು.

ಶಬ್ದದ ಪೆಟ್ಟು ಮೊದಲು ಬೀಳುವುದು ಏರುಸ್ವರದ ಭಾಗಕ್ಕೆ. ವಯಸ್ಸಿನಿಂದ ಬರುವ ಕಿವುಡಿನ ಮಾರ್ಗವೂ ಅದೇ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಆ ಭಾಗದಲ್ಲಿರುವುದರಿಂದ ‘ಸಾಲ’ ಎಂದದ್ದು ‘ಕಾಲ’ ಎಂದು ಕೇಳಿಸತೊಡಗುತ್ತದೆ. ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಮನೆಯವರು ಕೂಗಿ ಹೇಳಿದರೆ ‘ಯಾಕೆ ಕಿರುಚುತ್ತೀರಿ’ ಎಂದು ಹಿರಿಯರು ಗದರುವುದೂ ಉಂಟು. ಅದು ಮುಂಗೋಪವಲ್ಲ. ತಳದ ಸಣ್ಣ ಧ್ವನಿಗಳು ಕೇಳದಂತಾದರೂ ನೋವಿನ ಛಾವಣಿ ಇದ್ದಲ್ಲಿಯೇ ಇರುತ್ತದೆ. 120 ಡೆಸಿಬೆಲ್ ಇದ್ದ ಕಿವಿಯ ಹರವು 60ಕ್ಕೋ 50ಕ್ಕೋ ಕುಗ್ಗಿರುತ್ತದೆ. ಇಂಥವರಿಗೆ ಕೊಡುವ ಅಂಕೀಯ ಶ್ರವಣಸಾಧನವು ಸಣ್ಣ ಧ್ವನಿಯನ್ನು ಹೆಚ್ಚು ಎತ್ತಿ, ದೊಡ್ಡದನ್ನು ಹಾಗೆಯೇ ಬಿಟ್ಟು, ಇಡೀ ಲೋಕದ ಧ್ವನಿಯನ್ನು ಆ ಕಿರಿದಾದ ಹರವಿನೊಳಗೆ ಅದುಮುತ್ತದೆ. ಸಂಗೀತದಲ್ಲಿ ದೋಷವೆನಿಸಿದ ವಿದ್ಯೆಯೇ ಇಲ್ಲಿ ಔಷಧ. ಒಬ್ಬರ ಕಿವಿಗೆ ಅಳೆದು ಹೊಂದಿಸಿದ ಸಾಧನ ಇನ್ನೊಬ್ಬರಿಗೆ ಒಗ್ಗದಿರುವುದೂ ಇದರಿಂದಲೇ. ತೀರಿಕೊಂಡ ಯಜಮಾನರದನ್ನು ಅತ್ತೆಗೆ ಹಾಕುವ ಉಳಿತಾಯ ಸಲ್ಲದು.

ಈ ಪರೀಕ್ಷೆಗಾಗಿ ದೂರ ಹೋಗಬೇಕಿಲ್ಲ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಆ ಹೆಸರು ಈ ಊರಿನದೇ. ಅಲಿ ಯಾವರ್ ಜಂಗ್ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, 1976ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದಾಗ ತೀರಿಕೊಂಡರು. ಊರಿಗೆ ಹೋದಾಗ ತೋರಿಸಬಯಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ; ಅಲ್ಲಿ ಕನ್ನಡದ ಪದಗಳಿಂದಲೇ ಕಿವಿಯನ್ನು ಪರೀಕ್ಷಿಸುತ್ತಾರೆ.

ಕೊನೆಗೆ, ಅನೇಕ ಮನೆಗಳ ಕಪಾಟಿನಲ್ಲಿ ಕುಳಿತಿರುವ ಹಳೆಯ ಕ್ಯಾಸೆಟ್ಟುಗಳ ಮಾತು. ಕಾಚಿಗುಡದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು: ಎಂದೋ ನಡೆದ ನಾಡಹಬ್ಬದ ಸಂಗೀತ, ಈಗಿಲ್ಲದ ಅಜ್ಜಿಯ ಸಂಪ್ರದಾಯದ ಹಾಡುಗಳು, ಎಲ್ಲವನ್ನೂ ಮೊಮ್ಮಗನು ಗಣಕಯಂತ್ರಕ್ಕೆ ಇಳಿಸುತ್ತಿದ್ದಾನೆ. ಕ್ಯಾಸೆಟ್ಟಿನ ಹರವು 50ರಿಂದ 60 ಡೆಸಿಬೆಲ್, ಅಂದರೆ ಹತ್ತು ಬಿಟ್ಟಿನ ಬೆಲೆ; ಆದರೂ ಇಳಿಸುವಾಗ 24 ಬಿಟ್ಟಿನಲ್ಲಿಯೇ ಇಳಿಸುವುದು ಲೇಸು, ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಹೇಳುವುದೂ ಅದನ್ನೇ. 24 ಬಿಟ್ಟಿನಲ್ಲಿ ತಳದಲ್ಲಿ ಬೇಕಾದಷ್ಟು ಜಾಗವಿರುವುದರಿಂದ, ಸೂಚಕದ ಮುಳ್ಳು ಛಾವಣಿಗಿಂತ 12 ಡೆಸಿಬೆಲ್ ಕೆಳಗೇ ಇರುವಂತೆ ಧಾರಾಳವಾಗಿ ಅಂತರ ಬಿಡಬಹುದು. ಹದಗೆಟ್ಟ ಪಟ್ಟಿ ಎರಡನೆಯ ಸಲ ಓಡದೆ ಹೋಗಬಹುದಾದುದರಿಂದ, ಅಜ್ಜಿಯ ಧ್ವನಿ ಸಣ್ಣದಾಗಿದೆಯೆಂದು ಆಗಲೇ ಏರಿಸುವ ಆತುರ ಬೇಡ. ಮೂಲವನ್ನು ಹಾಗೆಯೇ ತೆಗೆದಿಟ್ಟು, ಏರಿಸುವುದನ್ನೂ ತಿದ್ದುವುದನ್ನೂ ಅದರ ಪ್ರತಿಯ ಮೇಲೆ ಮಾಡತಕ್ಕದ್ದು. ಕ್ಯಾಸೆಟ್ಟನ್ನು ಹಾಕುವ ಮೊದಲು ಯಂತ್ರದ ತಲೆಯನ್ನು ಶುದ್ಧ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಅದು ಆರಿದ ಬಳಿಕ ಪಟ್ಟಿಯನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿಕೊಂಡು ಆರಂಭಿಸಬೇಕು.